ಪೆದ್ದಣ್ಣನ ಕಣ್ಣು

ಚಳ್ಳಕೆರೆ
೧೩ ಜೂನ್ ೧೯೯೯

ಚಿ. ದೀಪಿಕಾಳಿಗೆ ನಿನ್ನ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ಯಾರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಆದರೆ ಒಂದು ವಾರದಿಂದ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಫೋನಿರುವುದು ಎಣ್ಣೆ ಮಿಲ್ಲಿನ ಆಫೀಸಿನಲ್ಲಿ, ನಿಮ್ಮಪ್ಪನ ಮೊಣಕೈ ಪಕ್ಕದಲ್ಲಿ. ಅದಕ್ಕೇ ಈ ಕಾಗದ.

ನಿನ್ನ ತಮ್ಮ ಸಂಗಮೇಶ ರೈಲ್ವೆಯ ಸಹಾಯಕ ಡ್ರೈವರ್ ಕೆಲಸದ ಪರೀಕ್ಷೆ ಪಾಸಾದಾಗ ನಿಮ್ಮಪ್ಪ ಮಾರುಕಟ್ಟೆ ಯಾರ್ಡಿನಲ್ಲಿ ಶೇಂಗಾ ವ್ಯಾಪಾರಿಗಳಿಗೆಲ್ಲ ಪೇಡ ಹಂಚಿ ಬಂದಿದ್ದರಲ್ಲ, ಆ ಪೇಡ ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ. ಹೋದ ವಾರ ಹುಬ್ಬಳ್ಳಿಯಲ್ಲಿ ಅವನ ವೈದ್ಯಕೀಯ ಪರೀಕ್ಷೆಯಾಯಿತು. ಅಲ್ಲಿ ಬಣ್ಣದ ಚುಕ್ಕಿಗಳಿರುವ ಒಂದು ಪುಸ್ತಕ ತೆರೆದು, ಚುಕ್ಕಿಗಳ ನಡುವೆ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರಂತೆ. ಮೊದಲ ಪುಟ ಬಿಟ್ಟರೆ ಇವನಿಗೆ ಎಲ್ಲೂ ಅಂಕಿಯೇ ಕಾಣಲಿಲ್ಲ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವನಿಗೆ ರೈಲು ಕೊಡುವುದಿಲ್ಲ ಎಂದು ಕಳಿಸಿದ್ದಾರೆ.

ಇಪ್ಪತ್ತೆರಡು ವರ್ಷ ಸಾಕಿದ ಹುಡುಗ, ನನಗೇ ಗೊತ್ತಿರಲಿಲ್ಲ. ಈಗ ಕೂತು ನೆನೆಸಿಕೊಂಡರೆ ಒಂದೊಂದೇ ಹೊರಗೆ ಬರುತ್ತಿದೆ. ಬಾರೆಹಣ್ಣು ಆರಿಸಲು ಕೂರಿಸಿದರೆ ನೀನು ಬಣ್ಣ ನೋಡಿಯೇ ಹಣ್ಣಾದದ್ದನ್ನು ಎತ್ತಿ ಹಾಕುತ್ತಿದ್ದೆ, ಅವನು ಒಂದೊಂದನ್ನೂ ಹಿಸುಕಿ ನೋಡುತ್ತಿದ್ದ. ಸೋಮಾರಿ ಎಂದು ನಾನೇ ಬೈದಿದ್ದೇನೆ.

ನಿಮ್ಮಪ್ಪ ಮೊದಲ ದಿನ ಒಂದೇ ಮಾತು ಹೇಳಿದರು. “ನಮ್ ವಂಶದಾಗೆ ಇಂಥ ಕಣ್ಣು ಯಾರಿಗೂ ಇಲ್ಲ.” ನಿಮ್ಮಜ್ಜಿ ನನ್ನ ಕಡೆ ನೋಡಿದರು, ಅಷ್ಟು ಸಾಕಾಯಿತು. ನಿನಗೆ ಗೊತ್ತಲ್ಲ ಈ ಮನೆಯ ಪಾಲು ಪಟ್ಟಿ. ನಿನ್ನ ಮೂಗು ನಿಮ್ಮಪ್ಪನದು, ಲೆಕ್ಕದ ತಲೆ ಅವರ ಅಪ್ಪನದು, ಸಂಗಮೇಶನ ಎತ್ತರ ಅವರ ದೊಡ್ಡಪ್ಪನದು. ನೇಕಾರರ ಮನೆಯಿಂದ ಬಂದ ನನ್ನಿಂದ ನಿಮಗೆ ಬಂದದ್ದು ಎಂದರೆ ಅವನ ಹಠ, ನಿನ್ನ ಬಾಯಿ. ಉಳ್ಳಾರ್ತಿ ಕಾವಲಿನ ತಳಿಯ ಹೋರಿ ಕೊಳ್ಳುವಾಗ ಅದರ ತಾಯಿ ಯಾವುದು ಎಂದು ಮೂರು ಸಲ ವಿಚಾರಿಸುವ ಮನುಷ್ಯ, ಮಕ್ಕಳ ವಿಷಯದಲ್ಲಿ ತಾಯಿಯ ಕಡೆ ತಿರುಗುವುದು ಏನಾದರೂ ಕೆಟ್ಟಾಗ ಮಾತ್ರ.

ಇದನ್ನೆಲ್ಲ ನಾನು ನುಂಗಿಕೊಂಡೇನು. ಆದರೆ ಅವರು ಹುಡುಗನ ಜೊತೆ ಮಾತು ಬಿಟ್ಟಿದ್ದಾರೆ. ಅವನು ಎದುರಿಗೆ ಬಂದರೆ ಕ್ಯಾಲೆಂಡರ್ ನೋಡುತ್ತಾರೆ. ಇವನು ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ. “ನಾನು ಯಾವ ಕೆಲಸಕ್ಕೂ ಬಾರದೋನು ಕಣವ್ವ” ಅಂದ ನಿನ್ನೆ.

ನೀನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವುದು ಇದೇ ವಿಷಯವಲ್ಲವೇ, ತಂದೆ ತಾಯಿಯಿಂದ ಮಕ್ಕಳಿಗೆ ಏನೇನು ಬರುತ್ತದೆ ಎನ್ನುವುದು? ಇದು ಎಲ್ಲಿಂದ ಬಂತು ಎಂದು ವಿಚಾರಿಸಿ ಬರೆ. ನನ್ನಿಂದ ಬಂದಿದ್ದರೆ ಹಾಗೇ ಬರೆ. ಅವ್ವನಿಗೆ ನೋವಾಗುತ್ತದೆ ಎಂದು ಸುತ್ತಿ ಬಳಸಿ ಬರೆಯಬೇಡ.

ಇತಿ ನಿನ್ನ ಅವ್ವ,
ಸರ್ವಮಂಗಳ


ಮೈಸೂರು
೨೪ ಜೂನ್ ೧೯೯೯

ಅವ್ವನಿಗೆ ದೀಪಿಕಾಳ ನಮಸ್ಕಾರ.

ನಿನ್ನ ಕಾಗದ ಬಂದು ನಾಲ್ಕೈದು ದಿನವಾಯಿತು. ಉತ್ತರ ನನಗೆ ಓದಿದ ಕೂಡಲೇ ಗೊತ್ತಿತ್ತು. ಆದರೂ ನಮ್ಮ ಮೇಷ್ಟ್ರನ್ನು ಒಂದು ಸಲ ಕೇಳಿದೆ, ಬೇರೆ ಉತ್ತರವೇನಾದರೂ ಸಿಗಬಹುದೇ ಎಂದು ಮತ್ತೊಂದು ಸಲ ಕೇಳಿದೆ. ಸಿಗಲಿಲ್ಲ.

ಸುತ್ತಿ ಬಳಸಬೇಡ ಎಂದಿದ್ದೀಯ. ಅದು ನಿನ್ನಿಂದಲೇ ಬಂದದ್ದು ಅವ್ವ.

ಹೇಗೆ ಎಂದು ಹೇಳುತ್ತೇನೆ, ತಾಳ್ಮೆಯಿಂದ ಓದು. ನಮ್ಮ ಮೈಯ ಒಂದೊಂದು ಕಣದಲ್ಲೂ ತೀರಾ ಸಣ್ಣ ಎಳೆಗಳಿರುತ್ತವೆ. ವರ್ಣತಂತು ಎನ್ನುತ್ತಾರೆ. ಎಲ್ಲವೂ ಜೋಡಿ ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಎಳೆ ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಮೂಗು, ಬಣ್ಣ, ಗುಂಗುರು ಕೂದಲು, ಇವಕ್ಕೆಲ್ಲ ಬೇಕಾದ ಸೂಚನೆ ಈ ಎಳೆಗಳ ಮೇಲಿರುತ್ತದೆ. ಆದ್ದರಿಂದ ಅಪ್ಪನ ಪಾಲು ಪಟ್ಟಿ ಮೊದಲಿಗೇ ತಪ್ಪು. ನಾವಿಬ್ಬರೂ ಅರ್ಧ ನೀನು, ಅರ್ಧ ಅಪ್ಪ. ಒಂದೊಂದು ಸಲ ಒಬ್ಬರದು ಹೊರಗೆ ಕಾಣುತ್ತದೆ, ಇನ್ನೊಬ್ಬರದು ಒಳಗೆ ಸುಮ್ಮನೆ ಕೂತಿರುತ್ತದೆ. ಕೂತಿದೆ ಎಂದರೆ ಇಲ್ಲ ಎಂದಲ್ಲ. ಅದು ಮೊಮ್ಮಕ್ಕಳಲ್ಲಿ ಎದ್ದು ಬರಬಹುದು.

ಮಗು ಹೆಣ್ಣೋ ಗಂಡೋ ಎಂದು ತೀರ್ಮಾನಿಸುವ ಜೋಡಿ ಒಂದಿದೆ. ಹೆಂಗಸರಲ್ಲಿ ಆ ಜೋಡಿಯ ಎರಡೂ ಎಳೆ ಒಂದೇ ಬಗೆಯವು, ಎಕ್ಸ್ ಎನ್ನುತ್ತಾರೆ. ಗಂಡಸರಲ್ಲಿ ಒಂದು ಎಕ್ಸ್, ಒಂದು ವೈ. ಅಪ್ಪ ಮಗನಿಗೆ ಕೊಡುವುದು ವೈ. ಹಾಗಾಗಿ ಮಗನ ಎಕ್ಸ್ ಯಾವಾಗಲೂ ತಾಯಿಯದು. ಕೆಂಪು ಹಸಿರು ಗುರುತಿಸುವ ಸೂಚನೆ ಇರುವುದು ಆ ಎಕ್ಸ್ ಮೇಲೆ. ನಿನ್ನ ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ಆ ಸೂಚನೆ ಸರಿಯಿಲ್ಲ, ಇನ್ನೊಂದರಲ್ಲಿ ಸರಿಯಿದೆ. ಎರಡು ದೀಪವಿರುವ ಕೋಣೆಯಲ್ಲಿ ಒಂದು ಆರಿದರೂ ಕತ್ತಲಾಗುವುದಿಲ್ಲ, ಅದಕ್ಕೇ ನಿನಗೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಸಂಗಮೇಶನಿಗೆ ಸಿಕ್ಕಿದ್ದು ಒಂದೇ ದೀಪ, ಅದೂ ಆರಿದ್ದು. ಅವನಿಗೆ ಸರಿಯಾದ ಎಳೆ ಬರುವ ಸಾಧ್ಯತೆಯೂ ಅಷ್ಟೇ ಇತ್ತು. ನಿನ್ನ ತಪ್ಪು ಏನೂ ಇಲ್ಲ, ಯಾರೂ ಆರಿಸಿ ಕೊಡುವುದಿಲ್ಲ.

ನನ್ನಲ್ಲೂ ಆ ಎಳೆ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಇರಲಿ.

ಇನ್ನೊಂದು ಮಾತು. ನಿನಗೂ ಅದು ಯಾರಿಂದಲೋ ಬಂದಿರಬೇಕು. ಮೊಳಕಾಲ್ಮೂರಿನ ತಾತನಿಗೆ ಬಣ್ಣ ಸರಿಯಾಗಿ ಕಾಣುತ್ತಿತ್ತೇ? ರೇಷ್ಮೆ ಸೀರೆ ನೇಯುವವರಲ್ಲಿ ಇಂಥದ್ದು ಇರಲಾರದು ಎನಿಸುತ್ತದೆ, ಆದರೂ ಕೇಳುತ್ತಿದ್ದೇನೆ. ಅಪ್ಪನಿಗೆ ಈಗಲೇ ಇದನ್ನೆಲ್ಲ ಹೇಳಬೇಡ.

ನಿನ್ನ ಮಗಳು,
ದೀಪಿಕಾ


ಚಳ್ಳಕೆರೆ
೧ ಆಗಸ್ಟ್ ೧೯೯೯

ಚಿ. ದೀಪಿಕಾಳಿಗೆ ಆಶೀರ್ವಾದ.

ತಿಂಗಳಿಗಿಂತ ಹೆಚ್ಚು ದಿನ ಸುಮ್ಮನಿದ್ದೆ. ಕೋಪವೆಂದುಕೊಂಡೆಯಾ? ನಿನ್ನ ಕಾಗದವನ್ನು ಅಡುಗೆ ಮನೆಯಲ್ಲಿ ಓದಿ, ಒಂದು ಗಳಿಗೆ ಅತ್ತು, ಮುಖ ತೊಳೆದುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಸೂರಮ್ಮತ್ತೆಯನ್ನು ನೋಡಲು. ನಮ್ಮಪ್ಪನ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲೇ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಉಳಿದವಳು. ಈಗ ಕಿವಿ ಮಂದ, ನೆನಪು ಮಾತ್ರ ಚುರುಕು.

ನಾನು ಸಂಗಮೇಶನ ವಿಷಯ ಹೇಳಿ ಮುಗಿಸುವ ಮೊದಲೇ ಅತ್ತೆ ನಗತೊಡಗಿದಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು ನನ್ನ ಗಲ್ಲ ಹಿಡಿದು, ಎಂದಿನಂತೆ ತೆಲುಗು ಬೆರೆಸಿ ಹೇಳಿದಳು. “ಬಂಗಾರು, ನಿಮ್ಮಪ್ಪ ಪೆದ್ದಣ್ಣಗೂ ಕಾಣ್ತಿರ್ಲಿಲ್ಲ. ಒಂದು ಗಂಟು ಎರ್ರ, ಎರಡು ಗಂಟು ಪಚ್ಚ. ಸಾಯೋ ತನಕ ನಾನೇ ಹಾಕಿಕೊಟ್ಟೆ.”

ಬಣ್ಣ ಹಾಕಿಸಿದ ರೇಷ್ಮೆ ನೂಲಿನ ಲಡಿಗಳು ಮನೆಗೆ ಬಂದ ಕೂಡಲೇ ಅತ್ತೆ ಕೆಂಪು ಲಡಿಗೆ ಒಂದು ಗಂಟು, ಹಸಿರಿಗೆ ಎರಡು ಗಂಟು ಹಾಕಿಡುತ್ತಿದ್ದಳಂತೆ. ಅಪ್ಪ ಬೆರಳಲ್ಲಿ ತಡವಿ ನೋಡಿ ಎತ್ತಿಕೊಳ್ಳುತ್ತಿದ್ದ. ಬಣ್ಣ ಕಾಣದ ನೇಕಾರನಿಗೆ ಯಾವ ಸಾಹುಕಾರ ನೂಲು ಕೊಡುತ್ತಾನೆ? ಅದಕ್ಕೇ ಅಣ್ಣ ತಂಗಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ನಮ್ಮವ್ವನಿಗೂ ಕೂಡ. ಆ ಗಂಟುಗಳನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ, ದೃಷ್ಟಿಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಬೀದಿಯವರೂ ಹಾಗೇ ಎಂದುಕೊಂಡು, ಪೆದ್ದಣ್ಣನ ಅಂಚು ಇಷ್ಟು ನೆಟ್ಟಗೆ ಬರುವುದು ಆ ಗಂಟಿನ ಮಹಿಮೆಯಿಂದ ಎಂದು ತಮ್ಮ ಲಡಿಗಳಿಗೂ ಗಂಟು ಹಾಕತೊಡಗಿದರಂತೆ. ಈಗಲೂ ಎರಡು ಮನೆಯಲ್ಲಿ ಹಾಕುತ್ತಾರೆ, ಏಕೆಂದು ಅವರಿಗೆ ಗೊತ್ತಿಲ್ಲ.

ಒಂದೇ ಒಂದು ಸಲ ಎಡವಟ್ಟಾಯಿತು. ಅತ್ತೆ ಯಾರದೋ ಬಾಣಂತನಕ್ಕೆ ರಾಂಪುರಕ್ಕೆ ಹೋಗಿದ್ದಳು. ಗಂಟು ಹಾಕುವವರಿಲ್ಲದೆ ಅಪ್ಪ ಅಂಚಿನ ಲಾಳಿಗೆ ಕೆಂಪಿನ ಬದಲು ಹಸಿರು ಕಂಡಿಕೆ ಹಾಕಿ ಅರ್ಧ ಸೀರೆ ನೇಯ್ದುಬಿಟ್ಟ. ಅಂಚು ಅರ್ಧ ಕೆಂಪು, ಇನ್ನರ್ಧ ಕೆಂಪು ಎಳೆಗೆ ಹಸಿರು ಎಳೆ ಬೆರೆತು ಬಿಸಿಲಿಗೊಂದು ನೆರಳಿಗೊಂದು ಬಣ್ಣ. ಸಾಹುಕಾರ ಬಂದು ಇದೇನಯ್ಯ ಎಂದರೆ, ಹೊಸ ನಮೂನೆ ಎಂದನಂತೆ. ಆ ಸೀರೆ ಅಂಗಡಿಗೆ ಹೋದ ದಿನವೇ ಮಾರಿತು. ಸಾಹುಕಾರ ಓಡಿ ಬಂದು ಅಂಥವೇ ಹತ್ತು ಬೇಕೆಂದ. ತಾನು ಏನು ಮಾಡಿದ್ದೇನೆಂದು ಗೊತ್ತಿದ್ದರೆ ತಾನೇ ಅಪ್ಪ ಮತ್ತೆ ಮಾಡುವುದು? ಸೊಂಟ ಹಿಡಿದಿದೆ ಎಂದು ಹೇಳಿ ಮಲಗಿಬಿಟ್ಟನಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಪಕ್ಕದವಳು ಸರಿದು ಕೂತಳು. ಅಪ್ಪನ ಮನೆ, ಮಗ್ಗ ಎರಡೂ ನಮ್ಮಣ್ಣನ ಪಾಲಾದವು, ಅದು ಲೋಕರೂಢಿ. ಆದರೆ ಇದನ್ನು ಅಪ್ಪ ಅಣ್ಣನಿಗೆ ಕೊಡಲು ಸಾಧ್ಯವಿರಲಿಲ್ಲ, ನನಗೆ ಕೊಡದೇ ಇರಲೂ ಸಾಧ್ಯವಿರಲಿಲ್ಲ. ನೀನು ಬರೆದದ್ದನ್ನು ನಾನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದೇನೆ ತಾನೇ?

ಆದ್ದರಿಂದ ನಿನ್ನ ಬುದ್ಧಿವಾದ ಮೀರಿದೆ. ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿಬಿಟ್ಟೆ. ನಿಮ್ಮಪ್ಪ ಗೆದ್ದವರಂತೆ ತಾಯಿಯ ಕಡೆ ನೋಡಿ, ನಾನು ಹೇಳಲಿಲ್ಲವೇ ನಮ್ಮ ಕಡೆಯದಲ್ಲ ಎಂದು, ಅಂದರು. “ಅಲ್ಲವೇ ಅಲ್ಲ. ನಮ್ಮಪ್ಪಂದು. ಇದ್ರಾಗೆ ನಿಮಗೆ ಪಾಲಿಲ್ಲ ಬಿಡ್ರಿ” ಅಂದೆ. ಸಂಗಮೇಶ ತಲೆಯೆತ್ತಿ ನನ್ನನ್ನು ನೋಡಿದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ತಾತ ಹೇಗೆ ನೇಯುತ್ತಿದ್ದ ಎಂದು ಕೇಳಿದ, ಗಂಟಿನ ಕಥೆಯನ್ನೆಲ್ಲ ಹೇಳಿದೆ.

ಕಥೆ ಕೇಳುತ್ತಾ ನಿಮ್ಮಪ್ಪನಿಗೊಂದು ಉಪಾಯ ಹೊಳೆಯಿತು. ಪೆದ್ದಣ್ಣ ಊರಿಗೆಲ್ಲ ಗೊತ್ತಾಗದಂತೆ ಗೆದ್ದ, ಮೊಮ್ಮಗನೂ ಗೆಲ್ಲಲಿ ಎಂದರು. ಆ ಪರೀಕ್ಷೆಗೆ ಮೇಲ್ಮನವಿ ಹಾಕಲು ಅವಕಾಶವಿತ್ತಂತೆ, ಹಾಕಿದರು. ಮತ್ತೆ ಸೆಪ್ಟೆಂಬರಿನಲ್ಲಿ ಕರೆಯುತ್ತಾರೆ. ಬಳ್ಳಾರಿಯಲ್ಲಿ ಒಬ್ಬನಿದ್ದಾನೆ, ಆ ಚುಕ್ಕಿ ಪುಸ್ತಕದ ಯಾವ ಪುಟದಲ್ಲಿ ಯಾವ ಅಂಕಿ ಎಂದು ಬಾಯಿಪಾಠ ಮಾಡಿಸುತ್ತಾನೆ. ಸಂಗಮೇಶ ವಾರಕ್ಕೆರಡು ಸಲ ಹೋಗಿ ಬರುತ್ತಿದ್ದಾನೆ. ನಿಮ್ಮಪ್ಪನೇ ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡುತ್ತಾರೆ, ನೇರವಾಗಿ ಮಾತಾಡುವುದಿಲ್ಲ, ಆದರೂ ಬಿಡುತ್ತಾರೆ. ಹುಡುಗ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ. ಎಲ್ಲ ನಮ್ಮಪ್ಪನ ಪುಣ್ಯ.

ಇತಿ ನಿನ್ನ ಅವ್ವ,
ಸರ್ವಮಂಗಳ


ಮೈಸೂರು
೯ ಆಗಸ್ಟ್ ೧೯೯೯

ಅವ್ವನಿಗೆ ನಮಸ್ಕಾರ.

ತಾತನ ಗಂಟಿನ ವಿಷಯ ಓದಿ ನಾನು ಹಾಸ್ಟೆಲಿನವರಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಅರ್ಥ ಮಾಡಿಕೊಂಡದ್ದು ಸರಿ. ಬಣ್ಣ ಕಾಣದ ತಂದೆಯ ಎಲ್ಲ ಹೆಣ್ಣುಮಕ್ಕಳಿಗೂ ಆ ಎಳೆ ಬಂದೇ ಬರುತ್ತದೆ, ಗಂಡುಮಕ್ಕಳಿಗೆ ಅವನಿಂದ ಬರುವುದೇ ಇಲ್ಲ.

ಆದರೆ ಉಳಿದರ್ಧ ಕಾಗದ ಓದಿ ಭಯವಾಯಿತು. ತಾತ ಲಾಳಿ ತಪ್ಪಿದ್ದಕ್ಕೆ ಒಂದು ಸೀರೆಯ ಅಂಚು ಕೆಟ್ಟಿತು, ಅಷ್ಟೇ. ಸಂಗಮೇಶನ ಹಿಂದೆ ಬೋಗಿಗಳ ತುಂಬ ಜನ ಕೂತಿರುತ್ತಾರೆ. ಅಲ್ಲಿ ಅವನಿಗೆ ಗಂಟು ಹಾಕಿಕೊಡುವವರು ಯಾರು?

ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ಅವನಿಗೇ ಬರೆಯೋಣವೆಂದರೆ, ಈಗ ತಾನೇ ಎದ್ದು ಕೂತವನನ್ನು ಮತ್ತೆ ಮಲಗಿಸಿದಂತಾಗುತ್ತದೆ. ನೀನೇ ಹೇಳು ಅವ್ವ. ದಯವಿಟ್ಟು ಹೇಳು.

ನಿನ್ನ ಮಗಳು,
ದೀಪಿಕಾ


ಹುಬ್ಬಳ್ಳಿ
೧೭ ಸೆಪ್ಟೆಂಬರ್ ೧೯೯೯

ಪ್ರೀತಿಯ ಅಕ್ಕನಿಗೆ ಸಂಗಮೇಶನ ನಮಸ್ಕಾರ.

ನೀನು ಅವ್ವನಿಗೆ ಬರೆದ ಕಾಗದವನ್ನು ನಾನು ಓದಿದ್ದೆ. ಅವ್ವ ನನಗೆ ಏನೂ ಹೇಳಲಿಲ್ಲ, ಕಾಗದವನ್ನು ನನ್ನ ತಟ್ಟೆಯ ಪಕ್ಕ ಇಟ್ಟು ಹಿತ್ತಲಿಗೆ ಹೋದಳು. ಓದಿ ನಿನ್ನ ಮೇಲೆ ಸಿಟ್ಟು ಬಂತು. ಸಿಗ್ನಲ್ಲಿನಲ್ಲಿ ಯಾವ ದೀಪ ಮೇಲೆ, ಯಾವ ದೀಪ ಕೆಳಗೆ ಎಂದು ನೋಡಿಕೊಂಡರೆ ಸಾಕು, ತಾತನಿಗೆ ಗಂಟು ಹೇಗೋ ನನಗೆ ಅದು ಹಾಗೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅದಕ್ಕೇ ನಿನಗೆ ಉತ್ತರ ಬರೆಯಲಿಲ್ಲ.

ನಿನ್ನೆ ಬಳ್ಳಾರಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದೆ. ದಾರಿಯಲ್ಲಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗಿದ್ದ ಒಬ್ಬ ಅಜ್ಜಿ ಖಾಲಿ ತಂಬಿಗೆ ಹಿಡಿದು ಬಂದು, “ಗಾರ್ಡು ಯಾವ ಬಾವುಟ ಹಿಡಿದಾನ ನೋಡಪಾ ತಮ್ಮಾ, ನೀರು ತರಾಕ ಟೈಮ್ ಐತೇನು?” ಎಂದು ಕೇಳಿದಳು. ಹಿಂದಕ್ಕೆ ಬಗ್ಗಿ ನೋಡಿದೆ. ಗಾರ್ಡು ಒಂದು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ, ಇನ್ನೊಂದನ್ನು ಬಿಚ್ಚಿ ಹಿಡಿದಿದ್ದ. ನನಗೆ ಎರಡೂ ಒಂದೇ ಬಟ್ಟೆ ಹರಿದು ಮಾಡಿದಂತೆ ಕಂಡವು. ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಬೆಳಗಿನಿಂದ ಆ ಅಂಕಿಗಳನ್ನು ಹೇಳಿಕೊಳ್ಳುತ್ತಾ ಬಂದಿದ್ದ ಬಾಯಿ, ಐತೆ ಅಜ್ಜಿ ಅಂದಿತು.

ಅಜ್ಜಿ ಇಳಿದಳು. ನಲ್ಲಿ ಮುಟ್ಟುವಷ್ಟರಲ್ಲಿ ರೈಲು ಹೊರಟಿತು. ಹಿಂದಿರುಗಿ ಓಡಿ ಬಂದು ಬಾಗಿಲ ಕಂಬಿ ಹಿಡಿದಳು, ಕಾಲು ಮೆಟ್ಟಿಲಿಗೆ ಸಿಗಲಿಲ್ಲ. ನಾನು ಮತ್ತು ಇನ್ನೊಬ್ಬರು ಸೇರಿ ರಟ್ಟೆ ಹಿಡಿದು ಎಳೆದುಕೊಂಡೆವು. ಮೊಣಕಾಲು ತರಚಿತು, ತಂಬಿಗೆ ಹಳಿಯ ಕಡೆ ಬಿತ್ತು, ಬೇರೇನೂ ಆಗಲಿಲ್ಲ. ಆದರೆ ಆಗಬಹುದಿತ್ತು. ಉಸಿರು ಬಂದ ಮೇಲೆ ಅಜ್ಜಿ ಬೈದಳು. ಅಷ್ಟು ದೊಡ್ಡ ಹಸಿರು ಬಾವುಟ ಕಾಣಲಿಲ್ಲವೇ ಎಂದಳು.

ಇವತ್ತು ಬೆಳಿಗ್ಗೆ ಪರೀಕ್ಷೆ. ಡಾಕ್ಟರು ಪುಸ್ತಕ ತೆರೆದರು. ಮೊದಲ ನಾಲ್ಕು ಪುಟ ತಡೆಯಿಲ್ಲದೆ ಹೇಳಿದೆ. ಬಳ್ಳಾರಿಯವನು ಚೆನ್ನಾಗಿ ಕಲಿಸಿದ್ದ. ಐದನೆಯ ಪುಟಕ್ಕೆ ಬಂದಾಗ ಅಜ್ಜಿಯ ಕಾಲು ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತಿದ್ದದ್ದು ಕಣ್ಣ ಮುಂದೆ ಬಂತು. “ಸಾರ್, ನನಗೆ ಇದ್ರಾಗೆ ಏನೂ ಕಾಣ್ತಿಲ್ಲ. ಬಾಯಿಪಾಠ ಮಾಡ್ಕೊಂಡು ಬಂದೀನಿ” ಅಂದೆ.

ಡಾಕ್ಟರು ಬೈಯುತ್ತಾರೆಂದುಕೊಂಡೆ. ಅವರು ಪುಸ್ತಕ ಮುಚ್ಚಿ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು. ನಮ್ಮ ತಾತನಿಗಿತ್ತು ಎಂದೆ. ತಾಯಿಯ ತಂದೆಯೇ ಎಂದರು. ಹೌದು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು ಎಂದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಹೇಗೆ ನೇಯುತ್ತಿದ್ದರು ಎಂದು ಕೇಳಿದರು. ಹೊರಗೆ ಸಾಲು ನಿಂತಿದ್ದರೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅನರ್ಹ ಎಂದು ಬರೆದು ಸಹಿ ಹಾಕಿದರು.

ಅಕ್ಕ, ನನಗೆ ದುಃಖವಿಲ್ಲ. ಡಿಪ್ಲೊಮಾ ಇದೆ, ಎಲ್ಲಾದರೂ ಯಂತ್ರ ರಿಪೇರಿ ಮಾಡಿ ಬದುಕುತ್ತೇನೆ. ಆದರೆ ನಾಳೆ ಅಪ್ಪನ ಮುಂದೆ ಹೇಗೆ ನಿಲ್ಲಲಿ ಎಂದು ತಿಳಿಯುತ್ತಿಲ್ಲ. ಪಾಸಾಗುವುದನ್ನು ಬೇಕೆಂದೇ ಬಿಟ್ಟು ಬಂದವನನ್ನು ಅವರು ಮನೆಯೊಳಗೆ ಸೇರಿಸುತ್ತಾರೆಯೇ?

ನಿನ್ನ ತಮ್ಮ,
ಸಂಗಮೇಶ


ಚಳ್ಳಕೆರೆ
೨೬ ಸೆಪ್ಟೆಂಬರ್ ೧೯೯೯

ಚಿ. ದೀಪಿಕಾಳಿಗೆ ಆಶೀರ್ವಾದ.

ಸಂಗಮೇಶ ನಿನಗೆ ಬರೆದಿದ್ದಾನಂತೆ, ಹಾಗಾಗಿ ಹುಬ್ಬಳ್ಳಿಯ ಕಥೆ ಮತ್ತೆ ಹೇಳುವುದಿಲ್ಲ. ಇಲ್ಲಿಯದನ್ನು ಹೇಳುತ್ತೇನೆ.

ಅವನು ಬಸ್ಸಿಳಿದು ಮನೆಗೆ ಬರದೆ ನೇರ ಮಿಲ್ಲಿಗೆ ಹೋದ. ಹಮಾಲರು, ಗುಮಾಸ್ತರು, ಶೇಂಗಾ ತಂದ ರೈತರು ಎಲ್ಲರೂ ಇದ್ದರಂತೆ. ಅವರೆಲ್ಲರ ಮುಂದೆಯೇ ಅಪ್ಪನಿಗೆ ನಡೆದದ್ದನ್ನು ಒಪ್ಪಿಸಿದ. ನಿಮ್ಮಪ್ಪ ಚಪ್ಪಲಿ ಮೆಟ್ಟಿಕೊಂಡು ಯಾರ್ಡಿಗೆ ಹೊರಟುಹೋದರು. ಮಗ ಮನೆಗೆ ಬಂದು ಬಟ್ಟೆ ಚೀಲಕ್ಕೆ ತುಂಬತೊಡಗಿದ. ಸೂರಮ್ಮಜ್ಜಿಯ ಮನೆಯಲ್ಲಿ ಸ್ವಲ್ಪ ದಿನ ಇರುತ್ತೇನೆ ಎಂದ. ಊಟ ಮಾಡದೆ ಹೊಸ್ತಿಲು ದಾಟಿದರೆ ನನ್ನಾಣೆ ಎಂದು ಕೂರಿಸಿದೆ.

ಮುದ್ದೆ ಬಡಿಸುವ ಹೊತ್ತಿಗೆ ನಿಮ್ಮಪ್ಪ ಬಂದರು. ಕೈಕಾಲು ತೊಳೆದು ಬಂದು ಅವನ ಎದುರಿಗೇ ಕೂತರು. ಯಾರ್ಡಿನಲ್ಲಿ ಅವತ್ತು ಯಾರೋ, ಮಗನ ರೈಲು ಯಾವಾಗ ಹೊರಡುತ್ತದೆ ಎಂದು ಕುಶಾಲಿಗೆ ಕೇಳಿದರಂತೆ. ಇವರು ಅಲ್ಲೇ ನಿಂತು ಎಲ್ಲವನ್ನೂ ಹೇಳಿದರಂತೆ, ಬಾಯಿಪಾಠದ್ದು, ಅಜ್ಜಿಯದು, ಡಾಕ್ಟರದು. ಇದನ್ನೆಲ್ಲ ತಟ್ಟೆಗೆ ಹೇಳಿದ ಹಾಗೆ ಹೇಳಿದರು.

ಆಮೇಲೆ ತಲೆಯೆತ್ತಿ ಮೂರೂವರೆ ತಿಂಗಳ ಮೇಲೆ ಮಗನನ್ನು ಹೆಸರು ಹಿಡಿದು ಕರೆದರು.

“ಲೇ ಸಂಗಮೇಶ, ಆ ಕುರ್ಚಿ ಮೇಲೆ ನಾನು ಕೂತಿದ್ರೆ ಪುಸ್ತಕ ಪೂರ್ತಿ ಒಪ್ಪಿಸಿ ಬರ್ತಿದ್ದೆ. ನಮ್ಮಪ್ಪನೂ ಅಷ್ಟೇ. ಇದು ನಮ್ ಕಡೇದಲ್ಲ ಕಣೋ.”

ನಿಮ್ಮಪ್ಪ ನನ್ನ ಕಡೆ ತಿರುಗಿದರು.

“ನಿಮ್ ಕಡೇದಾ?”

ಈ ಮಾತನ್ನು ಕೇಳಲಿ ಎಂದು ಮದುವೆಯಾಗಿ ಬಂದಾಗಿನಿಂದ ಕಾದಿದ್ದೇನೆ ಮಗಳೇ. ಹೌದು ಅಂದುಬಿಟ್ಟಿದ್ದರೆ ಯಾರೂ ಎದುರಾಡುತ್ತಿರಲಿಲ್ಲ. ಆದರೆ ನಮ್ಮಪ್ಪ, ಅಷ್ಟು ದೊಡ್ಡ ಕೆಲಸಗಾರ, ಸಾಯುವ ತನಕ ಒಬ್ಬರಿಗೂ ಬಾಯಿ ಬಿಟ್ಟು ಹೇಳಲಿಲ್ಲ. ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡೂ ನಾನು ಇವನಿಗೆ ಬೇಡ ಎನ್ನಲಿಲ್ಲ, ತಟ್ಟೆಯ ಪಕ್ಕ ಇಟ್ಟು ಹಿತ್ತಲಿಗೆ ಹೋದೆ.

“ನಮ್ ಕಡೇದೂ ಅಲ್ಲ” ಅಂದೆ.

ನಾವಿಬ್ಬರೂ ಅವನನ್ನೇ ನೋಡುತ್ತಾ ಕೂತೆವು. ಅವನು ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದ. ನಿಮ್ಮಪ್ಪ ಅವನ ತಟ್ಟೆಗೆ ತಾವೇ ಸಾರು ಬಡಿಸಿದರು. ಇದೆಲ್ಲಿಂದ ಬಂತು ಎಂದು ನೀನು ಮೇಷ್ಟ್ರನ್ನು ಕೇಳಲು ಹೋಗಬೇಡ. ಇದು ಯಾರೂ ಕೊಟ್ಟದ್ದಲ್ಲ, ಅವನದೇ.

ಇತಿ ನಿನ್ನ ಅವ್ವ,
ಸರ್ವಮಂಗಳ